ಎಂಡ ಅಂದರೆ ಬಿಸಿಲು

ಬೀಪಿ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ ಬುಸುಬುಸು ಗಾಳಿ ಒತ್ತುತ್ತಾರಲ್ಲ, ಆ ಹಿಡಿತ ನನಗೆ ಆಗದು. ನಿಮಗೂ ಅಷ್ಟೇ ಇರಬಹುದು. ಮೊನ್ನೆ ಆಂಧ್ರದ ಗಡಿಯಲ್ಲಿರುವ ನಮ್ಮ ಮಡಕಶಿರದ ಆಸ್ಪತ್ರೆಯಲ್ಲಿ ಸುತ್ತಿದವಳು ನನ್ನ ಮೊಮ್ಮಗಳು ರತ್ನ, ಅಲ್ಲಿಯ ನರ್ಸು. ಬೀಪಿ ಏರಿದೆ, ಕೈ ಸಡಿಲ ಬಿಡು ಎಂದು ಗದರಿದಳು. ಗದರಲಿ. ಅವಳನ್ನು ಈ ಕೆಲಸಕ್ಕೆ ಕಳಿಸುವುದಿಲ್ಲ ಎಂದು ಹಠ ಹಿಡಿದವಳೂ ನಾನೇ.

ನನ್ನ ಓದು ಮೂರನೇ ಕ್ಲಾಸು. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತೆಲುಗು ಬರುತ್ತದೆ, ಜಗಳವಾದರೆ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಹೆದರಿದ ಕಿವಿಗೆ ತಾಯಿಮಾತು ಒಂದೇ ಕೇಳಿಸುತ್ತದೆ. ಇದು ನನಗೆ ಗೊತ್ತಾದದ್ದು ರತ್ನ ಒಂಬತ್ತನೇ ಕ್ಲಾಸಿನಲ್ಲಿದ್ದಾಗ.

ಆ ಬೇಸಿಗೆಯಲ್ಲಿ ನಮ್ಮ ಯಜಮಾನರು ಅಗಳಿ ಹತ್ತಿರದ ತೋಟದಲ್ಲಿ ಬಿದ್ದುಬಿಟ್ಟರು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿದ್ದ ಹೊಸ ನರ್ಸು ದೂರದ ತೆಲುಗು ಸೀಮೆಯ ಹುಡುಗಿ. "ಎಂಡಲೋ ಉನ್ನಾರಾ?" ಎಂದು ಕೇಳಿದಳು. ತೆಲುಗಿನಲ್ಲಿ ಎಂಡ ಅಂದರೆ ಬಿಸಿಲು, ಬಿಸಿಲಲ್ಲಿದ್ದರಾ ಎಂದು ಅವಳ ಪ್ರಶ್ನೆ. ನಮ್ಮ ಕಡೆಯ ಬಾಯಲ್ಲಿ ಹೆಂಡಕ್ಕೆ ಹಕಾರ ಉಳಿದಿಲ್ಲ, ಅದೂ ಎಂಡವೇ. ಬೀಡಿ ಕೂಡ ಸೇದದ ಗಂಡನನ್ನು ಕುಡುಕ ಅಂದಳಲ್ಲ ಎಂದು ನನಗೆ ಉರಿದುಹೋಯಿತು. "ಲೇದು, ಲೇದು" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಿಸಿಲಲ್ಲಿ ಇರಲಿಲ್ಲ ಎಂದು ತಿಳಿದ ಆಕೆ ಪಾಪ, ಜ್ವರ ಎಷ್ಟು ದಿನದಿಂದ ಎಂದು ಕೇಳತೊಡಗಿದಳು. ಯಜಮಾನರ ಮೈ ಕಾದ ಹಂಚಾಗಿತ್ತು.

ಹಿಂದೆ ನಿಂತಿದ್ದ ರತ್ನ ನನ್ನ ಸೆರಗು ಜಗ್ಗಿದಳು. "ಅಜ್ಜೀ, ಅವ್ರು ಕೇಳ್ತಿರೋದು ಬಿಸ್ಲು ಕಣಜ್ಜಿ, ಎಂಡ ಅಲ್ಲ." ಮತ್ತೆ ನರ್ಸಿಗೆ ತೆಲುಗಿನಲ್ಲಿ, ತಾತ ಬೆಳಗ್ಗೆಯಿಂದ ಬಿಸಿಲಲ್ಲೇ ಇದ್ದರು ಎಂದಳು. ಆಮೇಲೆ ಒದ್ದೆ ಬಟ್ಟೆ, ಗ್ಲೂಕೋಸು, ಓಡಾಟ. ಯಜಮಾನರು ಉಳಿದರು. ಈಗಲೂ ನನ್ನ ಸಾರಿಗೆ ಉಪ್ಪು ಸಾಲದು ಎನ್ನುತ್ತಾರೆ.

ನರ್ಸ್ ಆಗುತ್ತೇನೆ ಎಂದು ರತ್ನ ಅಂದೇ ಶುರುಮಾಡಿದಳು. ಮಂದಿಯ ಉಚ್ಚೆ ಬಳಿಯುವುದಕ್ಕೆ ಅಷ್ಟು ಓದಬೇಕೇನೆ ಎಂದೆ. ಅವಳ ಅಮ್ಮ ಹೊಲಿಗೆಯವಳು, ಮಗಳಿಗೂ ಮಿಷನ್ನು ಸಾಕು. ನಮ್ಮ ಮನೆಯಲ್ಲಿ ನನ್ನ ಮಾತೇ ಕೊನೆ.

ಆಗ ರತ್ನನ ಶಾಲೆಯ ವಿಜ್ಞಾನದ ಟೀಚರು ಮನೆಗೆ ಬಂದರು. ರಾಯದುರ್ಗದ ಕಡೆಯವರು, ಮಾತಿಗೊಂದು 'ರಿ' ಹಚ್ಚುತ್ತಾರೆ. ಕನ್ನಡ ಶಾಲೆಯ ಹುಡುಗಿಯರು ಆ ಓದಿಗೆ ಹೋಗುವುದೇ ಇಲ್ಲ ಎಂದು ಅವರ ಕೊರಗು. ನಾನು ಬೇಡ ಅಂದದ್ದನ್ನೆಲ್ಲ ಕೇಳಿಸಿಕೊಂಡು, "ಅಜ್ಜಿ, ಆವತ್ತು ಈ ಹುಡುಗಿ ಇರ್ಲಿಲ್ಲಂದ್ರ ಏನಾಗ್ತಿತ್ರಿ?" ಅಂದರು.

ನಾನು ಒಳಗೆ ಹೋಗಿ ಅವರಿಗೆ ಕಾಫಿ ಕಾಸಿ ತಂದೆ. ಓದಲಿ ಬಿಡಿ ಎಂದೆ.

ಅಂದಿನಿಂದ ಭಾನುವಾರ ನಮ್ಮ ಜಗಲಿಯೇ ಆಸ್ಪತ್ರೆ. ರತ್ನ ಸೇರಿ ಅವಳ ಕ್ಲಾಸಿನ ನಾಲ್ಕು ಹುಡುಗಿಯರು ನರ್ಸುಗಳು, ರೋಗಿ ನಾನೊಬ್ಬಳೇ. ಟೀಚರು ಇಂಗ್ಲಿಷ್ ಹೆಸರುಗಳನ್ನು ಕಲಿಸಿದರು. ನಮ್ಮ ಜನ ಡಾಕ್ಟರ ಮುಂದೆ ಹೇಗೆ ಸುಳ್ಳು ಹೇಳುತ್ತಾರೆ ಎಂಬುದನ್ನು ನಾನು ಕಲಿಸಿದೆ. ಊಟ ಆಯ್ತಾ ಎಂದರೆ ಹಸಿದವನೂ ಹೂಂ ಅನ್ನುತ್ತಾನೆ. ಏನುಂಡೆ ಎಂದು ಕೇಳಬೇಕು. ಇಲ್ಲದ ರೋಗಗಳನ್ನೆಲ್ಲ ಅನುಭವಿಸಿ ನರಳಿದೆ. ಚೆನ್ನಾಗಿಯೇ ನರಳುತ್ತೇನೆ, ಅಭ್ಯಾಸವಿದೆ. ರತ್ನನಿಗೆ ನರ್ಸಿಂಗ್ ಸೀಟು ಸಿಕ್ಕಿತೆಂದು ಟೀಚರು ಫೋನು ಮಾಡಿದಾಗ ಮುದ್ದೆ ತಿರುವುತ್ತಿದ್ದೆ. ಅಬ್ಬ ಎಂದು ಕೋಲು ಬಿಟ್ಟು ಕುಳಿತವಳು, ಮುದ್ದೆ ಸೀದದ್ದು ಮೂಗಿಗೆ ಬಡಿದ ಮೇಲೆಯೇ ಎದ್ದೆ.

ಇನ್ನು ಮೊನ್ನೆಯ ಮಾತು. ತೋಳಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ಗುಡಿಬಂಡೆ ಕಡೆಯಿಂದ ಒಬ್ಬನನ್ನು ಆಟೋದಿಂದ ಇಳಿಸಿದರು. ಹೆಂಡತಿ ಗಾಬರಿಯಲ್ಲಿದ್ದಳು. ರತ್ನ ಓಡಿಹೋಗಿ ಆಕೆಯ ಕೈ ಹಿಡಿದು ಕೇಳಿದಳು, "ಬಿಸ್ಲಾಗಿದ್ನೇನಮ್ಮ, ಎಂಡ ಕುಡಿದಿದ್ನೇನಮ್ಮ? ಬಿಡಿಸಿ ಹೇಳು."

ಆಕೆ ಅತ್ತಿತ್ತ ನೋಡಿ ತಲೆ ತಗ್ಗಿಸಿದಳು. "ಎರಡೂ ಸಿಸ್ಟರಮ್ಮ."

ನನಗೆ ನಗು ತಡೆಯಲಾಗಲಿಲ್ಲ. ಅವನನ್ನು ಒಳಗೆ ಮಲಗಿಸಿ ಬಂದ ರತ್ನ ನನ್ನ ಬೀಪಿ ಮತ್ತೆ ನೋಡಿದಳು. ಇಳಿದಿತ್ತು.