ಬೆಕ್ಕಿನ ಕಥೆ ಬರೆದದ್ದು ಯಾರು?

ಕಳೆದ ವಾರ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಕೈಗೆ ಚಾಕ್‌ಪೀಸ್ ಕೊಟ್ಟು, "ಈಗ ನೀವು ಬರೀರಿ ಅಕ್ಕೋರೆ. ನಾವು ನೋಡ್ತೇವೆ" ಅಂದಳು.

ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಅಂಗಡಿಯವನು ಐನೂರರ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಾನಲ್ಲ, ಹಾಗೆ ನನ್ನನ್ನು ನೋಡುತ್ತಿದ್ದಳು.

ಅವಳ ತಪ್ಪಲ್ಲ. ಶುರು ಮಾಡಿದ್ದು ನಾನು.

ನಿಮಗೆ ಗೊತ್ತು, ನಾನು ಮಕ್ಕಳಿಗೆ ಕಥೆ ಬರೆಯುವವಳು. ಭಟ್ಕಳದಿಂದ ಕುಮಟಾದವರೆಗೆ ಯಾವ ಶಾಲೆ, ಯಾವ ಲೈಬ್ರರಿ ಕರೆದರೂ ಬ್ಯಾಗು ಹೆಗಲಿಗೇರಿಸಿ ಹೊರಡುತ್ತೇನೆ. "ಮಕ್ಕಳಿಗೆ ಬರೆಯೋದು ಕಲಿಸಿ ಮೇಡಂ" ಎನ್ನುತ್ತಾರೆ. (ನಿಮಗೆ ಕಲಿಸಲು ಬರುತ್ತದೆಯೇ ಎಂದು ಇದುವರೆಗೆ ಯಾರೂ ಕೇಳಿಲ್ಲ. ನಾನೂ ಬಾಯಿ ಬಿಟ್ಟಿಲ್ಲ.) ಈಚೆಗೆ ಮಾತ್ರ ನಾನು ಚೆಕ್‌ಪೋಸ್ಟಿನ ಪೊಲೀಸರ ಥರ ಆಗಿಬಿಟ್ಟಿದ್ದೇನೆ. ಚೆಂದದ ವಾಕ್ಯ ಕಂಡರೆ ಖುಷಿಯಾಗುವ ಬದಲು ಅನುಮಾನ ಬರುತ್ತದೆ.

ಬರದೆ ಏನು ಮಾಡಲಿ? ಭಟ್ಕಳದ ಲೈಬ್ರರಿಯೊಂದರಲ್ಲಿ, ಬೇರೆ ಬೇರೆ ಶಾಲೆಗಳಿಂದ ಬಂದ ಮಕ್ಕಳ ಕಥೆಗಳೆಲ್ಲ ಒಂದೇ ಥರ ಮುಗಿದವು. "ಅಂದಿನಿಂದ ಅವರ ಜೀವನದಲ್ಲಿ ಹೊಸ ಬೆಳಕು ಮೂಡಿತು." ಇದೆಲ್ಲಿಂದ ಬಂತಪ್ಪಾ ಎಂದು ಒಬ್ಬನನ್ನು ಕೇಳಿದರೆ, "ಮೊಬೈಲಿಗೆ ಹೇಳಿದ್ರೆ ಅದೇ ಬರೆದು ಕೊಡ್ತದೆ ಮೇಡಂ" ಅಂತ ನನಗೇ ಪಾಠ ಮಾಡಿದ. ಹೊನ್ನಾವರದ ಮಕ್ಕಳ ಕಥಾ ಸ್ಪರ್ಧೆಯಲ್ಲಿ ಒಂದು ಕಥೆಯ ಮೊಲಕ್ಕೆ ಬಿಪಿ ಇತ್ತು. ಬೆಳಿಗ್ಗೆ ಎದ್ದು ವಾಕಿಂಗ್ ಹೋಗುತ್ತಿತ್ತು. ಯಾವ ಅಪ್ಪ ಬರೆದದ್ದೆಂದು ಪತ್ತೆ ಹಚ್ಚುವುದು ಕಷ್ಟವಾಗಲಿಲ್ಲ. ಹಿಂದಿನ ಬೆಂಚಿನಲ್ಲೇ ಕೂತು, ಯಾವ ನಂಬರ್ ಬರುತ್ತದೋ ಎಂದು ಕಾಯುತ್ತಿದ್ದರು!

ಇಂಥ ಮನಸ್ಸು ಹೊತ್ತುಕೊಂಡೇ ಕುಮಟಾ ಹತ್ತಿರ ಬಾಡ ಎಂಬ ಊರಿನ ಕಡೆಯ ಒಂದು ಶಾಲೆಗೆ ಹೋದೆ. ಮಕ್ಕಳು ಮನೆಯಲ್ಲಿ ಕಥೆ ಬರೆದು ತಂದಿದ್ದರು. ಚೆನ್ನಾಗಿರುವುದನ್ನು ಆರಿಸಿ ಕುಮಟಾದ ಲೈಬ್ರರಿಯ ಗೋಡೆ ಪತ್ರಿಕೆಗೆ ಕೊಡುವುದು ನನ್ನ ಕೆಲಸ.

ತನುಜಾ ಎಂಬ ಹುಡುಗಿಯದು ಬೆಕ್ಕಿನ ಕಥೆ. ಮರಿಗಳನ್ನೆಲ್ಲ ಯಾರ್ಯಾರೋ ಕೇಳಿ ಒಯ್ದಿದ್ದಾರೆ. ಅಜ್ಜಿ ಮೀನು ಕೊಯ್ಯುತ್ತಾ ಬಂಗಡೆಯ ತಲೆ ಎಸೆಯುತ್ತಾಳೆ. "ಬೆಕ್ಕು ಮೂಸಿಯೂ ನೋಡಲಿಲ್ಲ. ನಿರ್ಲಿಪ್ತವಾಗಿ ಬೇಲಿಯ ಕಡೆ ನೋಡುತ್ತಾ ಕುಳಿತಿತ್ತು."

ನಿರ್ಲಿಪ್ತ! ಏಳನೇ ಕ್ಲಾಸು! ನನ್ನ ತಲೆಯೊಳಗೆ ಸೈರನ್ ಹೊಡೆದುಕೊಂಡಿತು.

"ಇದನ್ನ ಯಾರು ಬರೆದುಕೊಟ್ಟರು?"

"ನಾನೇ ಬರ್ದದ್ದು."

"ಹೌದಾ? ನಿರ್ಲಿಪ್ತ ಅಂದ್ರೆ ಎಂತ, ಹೇಳು ನೋಡುವಾ."

ತನುಜಾ ಬಾಯಿ ತೆರೆದಳು. ಮುಚ್ಚಿದಳು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ಲಾಸು ನಕ್ಕಿತು. ಪಕ್ಕದಲ್ಲಿ ನಿಂತಿದ್ದ ಮಾಸ್ತರು ನನ್ನ ಕಡೆ ಬಗ್ಗಿ, "ಅವಳ ಅಣ್ಣನ ಹತ್ರ ಮೊಬೈಲ್ ಇದೆ ಮೇಡಂ" ಎಂದು ಪಿಸುಗುಟ್ಟಿದರು. ಇನ್ನೇನು ಬೇಕು? ಅವಳ ಹಾಳೆಯನ್ನು ತೆಗೆದು ಬೇರೆ ಇಟ್ಟೆ. ಎಲ್ಲರಿಗೂ ಕಾಣುವ ಹಾಗೆ.

"ಈಗ ಎಲ್ಲರೂ ಇಲ್ಲೇ, ನನ್ನ ಎದುರೇ ಒಂದು ಕಥೆ ಬರೆಯಿರಿ. ಕಳೆದುಹೋದ ಚಪ್ಪಲಿ ಬಗ್ಗೆ" ಎಂದೆ.

ಆಗಲೇ ತನುಜಾ ಎದ್ದು ಬಂದು ನನ್ನ ಕೈಗೆ ಚಾಕ್‌ಪೀಸ್ ಕೊಟ್ಟದ್ದು.

"ಏ ತನುಜಾ, ಸುಮ್ನೆ ಕೂತ್ಕೊ!" ಮಾಸ್ತರು ಗದರಿದರು.

"ನಾನು ಬರ್ದದ್ದು ಅಂದ್ರೆ ಇವ್ರು ನಂಬುದಿಲ್ಲ. ಇವ್ರ ಪುಸ್ತಕ ಇವ್ರೇ ಬರ್ದದ್ದು ಅಂತ ನಾವು ಎಂತಕೆ ನಂಬುದು ಮಾಸ್ತರೆ?"

ಇದಕ್ಕೆ ಉತ್ತರ ನಿಮಗೆ ಹೊಳೆದರೆ ಹೇಳಿ. ನಾನು "ಆತು" ಎಂದು ಬೋರ್ಡಿನ ಕಡೆ ತಿರುಗಿದೆ.

'ಒಂದೂರಲ್ಲಿ ಒಂದು ಚಪ್ಪಲಿ ಇತ್ತು' ಎಂದು ಬರೆದೆ. ಒರೆಸಿದೆ. 'ಜೋರಾಗಿ ಗಾಳಿ ಬೀಸುತ್ತಿತ್ತು' ಎಂದು ಬರೆದೆ. (ಚಪ್ಪಲಿಗೂ ಗಾಳಿಗೂ ಏನು ಸಂಬಂಧ?) ಅದನ್ನೂ ಒರೆಸಿದೆ. ಬೆನ್ನ ಮೇಲೆ ಅಷ್ಟೊಂದು ಕಣ್ಣು ನೆಟ್ಟಿರುವಾಗ ಕಥೆ ಎಲ್ಲಿಂದ ಬರಬೇಕು? ಬಂದದ್ದು ಬೆವರು. ಕೊನೆಗೆ, ಒಂಟಿ ಚಪ್ಪಲಿಯೊಂದು ತನ್ನ ಜೊತೆಯನ್ನು ಹುಡುಕಿಕೊಂಡು ಸಂತೆಗೆ ಹೋಗುವ ನಾಲ್ಕು ಸಾಲು ಗೀಚಿದೆ. ಅಬ್ಬಾ, ಪಾರಾದೆ ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು. "ಇದು ನಿಮ್ಮ ಪುಸ್ತಕದ ಕೊಡೆ ಕಥೆ ಅಲ್ದಾ? ಕೊಡೆ ತೆಗ್ದು ಚಪ್ಪಲಿ ಹಾಕಿದ್ರಿ, ಅಷ್ಟೆ!"

ಹೌದು. ಅದೇ ಕಥೆ. ನಾನು ಬರುವ ಮೊದಲೇ ಮಾಸ್ತರು ನನ್ನ ಪುಸ್ತಕವನ್ನು ಮಕ್ಕಳಿಂದ ಓದಿಸಿದ್ದರಂತೆ. (ಹೀಗೂ ಮಾಡುವ ಶಾಲೆ ಇರುತ್ತದೆಂದು ಯಾರಿಗೆ ಗೊತ್ತಿತ್ತು?)

ಮಕ್ಕಳು ನಕ್ಕರು. ಮಾಸ್ತರೂ ನಕ್ಕರು. ತನುಜಾ ನಗಲಿಲ್ಲ. ಬೆಂಚಿಗೆ ಮರಳಿ ಏನೋ ಬರೆಯುತ್ತಿದ್ದಳು. ಸ್ವಲ್ಪ ಹೊತ್ತು ಅವಳ ಮೇಲೇ ಕಣ್ಣಿಟ್ಟು ನಿಂತು, ಆಮೇಲೆ ಹೋಗಿ ನೋಡಿದೆ. 'ಚಪ್ಪಲಿ ಕಳೆಯಿತು. ಅಮ್ಮ ಬೈದಳು.' ಮುಂದಿನದನ್ನೆಲ್ಲ ಗೀಟೆಳೆದು ಹೊಡೆದುಹಾಕಿದ್ದಳು.

ನನ್ನ ಬುದ್ಧಿ ನೋಡಿ. ಮೊದಲು ಬಂದ ಯೋಚನೆ, ಸಿಕ್ಕಿಬಿದ್ದಳು!

"ಎಂತಕೆ ಇಷ್ಟೇ?"

"ನೀವು ನನ್ನನ್ನೇ ನೋಡ್ತಾ ಇದ್ರಿ. ಹಾಂಗೆ ನೋಡಿದ್ರೆ ಬರಿಯುಕೆ ಆಗುದಿಲ್ಲ."

ನಾನು ಬೋರ್ಡಿನ ಕಡೆ ನೋಡಿದೆ. ಅವಳ ಎರಡು ವಾಕ್ಯ ಕಳ್ಳತನಕ್ಕೆ ಪುರಾವೆಯಾದರೆ, ನನ್ನ ನಾಲ್ಕು ಸಾಲು ಯಾವುದಕ್ಕೆ ಪುರಾವೆ?

ಈಗ ನಾವು ಯಾವುದನ್ನು ಸುಮ್ಮನೆ ನಂಬುತ್ತೇವೆ ಹೇಳಿ? ಜೇನುತುಪ್ಪವನ್ನು ನೀರಿಗೆ ಬಿಟ್ಟು ನೋಡುತ್ತೇವೆ. ಬ್ಯಾಂಕಿನಿಂದ ಫೋನ್ ಬಂದರೆ ಕಳ್ಳರೆಂದು ಕಟ್ ಮಾಡುತ್ತೇವೆ. ಮೀನಿನ ಕಿವಿರು ಎತ್ತಿ ನೋಡದೆ ಕೊಳ್ಳುವುದಿಲ್ಲ. ಮೀನು ಮಾರುವವಳಿಗೆ ಅದರಿಂದ ಬೇಸರವೂ ಇಲ್ಲ, ಅದು ವ್ಯಾಪಾರ. ಆದರೆ ಮಗು ಬರೆದ ಕಥೆಯ ಕಿವಿರು ಎಲ್ಲಿರುತ್ತದೆ?

ಅವಳ ಪಕ್ಕ ಕೂತು ಮೆಲ್ಲಗೆ ಕೇಳಿದೆ. "ನಿರ್ಲಿಪ್ತ ಅನ್ನೋ ಪದ ನಿಂಗೆ ಎಲ್ಲಿ ಸಿಕ್ತು?"

"ಆಟದಲ್ಲಿ. ವೇಷದವ್ರು ಹೇಳುದು ಕೇಳಿದ್ದೆ. ಅರ್ಥ ಸಮಾ ಗೊತ್ತಿಲ್ಲ. ಕೇಳುಕೆ ಚಂದ ಇತ್ತು, ಹಾಕ್ದೆ."

ಆಟ ಅಂದರೆ ಯಕ್ಷಗಾನ. ನಮ್ಮ ಕಡೆಯ ಮಕ್ಕಳ ಕಿವಿಗೆ ದೊಡ್ಡ ದೊಡ್ಡ ಮಾತು ಬೀಳುವುದೇ ಅಲ್ಲಿ. ಇದು ನನಗೆ ಹೊಳೆಯಬೇಕಿತ್ತು. ಇನ್ನೊಂದೂ ಹೊಳೆಯಬೇಕಿತ್ತು. ಆ ಪದ ಅಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಮರಿ ಕಳೆದುಕೊಂಡ ಬೆಕ್ಕು ನಿರ್ಲಿಪ್ತ ಹೇಗಾದೀತು? ಮೊಬೈಲಾಗಿದ್ದರೆ 'ದುಃಖದಿಂದ' ಎಂದು ನೆಟ್ಟಗೆ ಬರೆದು ಮುಗಿಸುತ್ತಿತ್ತು.

(ಹಾಗೆಂದು, ಮೊಬೈಲು ಬೇಕೆಂದೇ ತಪ್ಪು ಮಾಡುವುದನ್ನೂ ಕಲಿತಿದ್ದರೆ? ಅನುಮಾನ ಎಂಬುದು ಒಂದು ಮಾತ್ರೆಗೆ ಇಳಿಯುವ ಜ್ವರವಲ್ಲ.)

ಎಲ್ಲರ ಎದುರು ಅನುಮಾನ ಪಟ್ಟ ಮೇಲೆ ಎಲ್ಲರ ಎದುರೇ ಕ್ಷಮೆ ಕೇಳಬೇಕು. ಕೇಳಿದೆ. ಬೆಕ್ಕಿನ ಕಥೆ ಒಂದು ಅಕ್ಷರವೂ ಬದಲಾಗದೆ ಗೋಡೆ ಪತ್ರಿಕೆಗೆ ಹೋಗುತ್ತದೆ ಎಂದೆ. ಮಾಸ್ತರು ಕಣ್ಸನ್ನೆ ಮಾಡಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ನಿರಾಳ. ಕ್ಷಮೆ ಕೇಳಿದ ಕೂಡಲೇ ನಾವು ಎಷ್ಟು ಒಳ್ಳೆಯವರು ಅನ್ನಿಸಿಬಿಡುತ್ತದಲ್ಲ!

ಸಂಜೆ ಗೇಟಿನ ಹತ್ತಿರ ರಿಕ್ಷಾ ಕಾಯುತ್ತಿದ್ದೆ. ತನುಜಾ ಓಡಿಬಂದಳು. ಥ್ಯಾಂಕ್ಸ್ ಹೇಳಲು ಬಂದಳೆಂದುಕೊಂಡು ನಾನು ನಗು ಸಿದ್ಧ ಮಾಡಿಕೊಂಡೆ.

"ಅಕ್ಕೋರೆ, ಒಂದು ಕೇಳುದು. ನೀವು ಖರೆ ನಂಬಿದ್ದಾ? ಇಲ್ಲ, ಪಾಪ ಅಂತ ಬಿಟ್ಟದ್ದಾ?"