ಠಾಣೆ ಪ್ಲಾಟ್‌ಫಾರ್ಮಿನಲ್ಲಿ ಫ್ರೆಂಚ್ ಪರೀಕ್ಷೆ

ಮುಂಬೈ ಲೋಕಲ್‌ನ ಗರ್ದಿಯಲ್ಲಿ ನಮ್ಮ ಚೀಲ ಯಾರ್ಯಾರದೋ ಕೈದಾಟಿ ಮೇಲಿನ ರ‍್ಯಾಕ್ ಸೇರುತ್ತದೆ, ನೋಡಿ. ಮುಲುಂಡ್‌ನಲ್ಲಿ ನಾನಿಳಿದೆ, ಚೀಲ ಇಳಿಯಲಿಲ್ಲ. ಅದರಲ್ಲಿದ್ದದ್ದು ಬಿ.ಎ. ಫ್ರೆಂಚ್ ಉತ್ತರಪತ್ರಿಕೆಗಳು. ಅವು ಕಳೆದರೆ ನನ್ನ ಲೆಕ್ಚರರ್ ಕೆಲಸವೂ ಕಳೆದಂತೆಯೇ. ಮುಂದಿನ ಗಾಡಿ ಹತ್ತಿ, ಆ ಲೋಕಲ್ ಕೊನೆಗೆ ನಿಲ್ಲುವ ಠಾಣೆಗೆ ಹೋದೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಪೈಪು, ಪಾನಾ ಪಕ್ಕಕ್ಕಿಟ್ಟುಕೊಂಡ ಒಬ್ಬ ಪ್ಲಂಬರ್ ನನ್ನ ಚೀಲ ಅಪ್ಪಿಕೊಂಡು ಕೂತಿದ್ದ.

"ಅಯ್ಯೋ ದೇವರೇ, ಅದು ನನ್ನದು" ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟೆ.

"ನಿಮ್ಮದು ಅನ್ನಾಕ ಗುರುತೇನ್ರೀ ಸರ? ಇದನ್ನ ಓದ್ರಿ" ಎಂದು ಅವನೂ ವಿಜಾಪುರದ ಕನ್ನಡದಲ್ಲೇ ಕೇಳಿ, ಚೀಲದಿಂದ ಒಂದು ಉತ್ತರಪತ್ರಿಕೆ ತೆಗೆದು ಹಿಡಿದ.

ತಡವರಿಸಿದರೆ ಕೊಡುವುದಿಲ್ಲವೇನೋ ಎಂದು ಹೆದರುತ್ತಲೇ ಇಡೀ ಫ್ರೆಂಚ್ ಪುಟ ಗಟ್ಟಿಯಾಗಿ ಓದಿದೆ.

"ಒಂದಕ್ಷರ ತಿಳೀಲಿಲ್ಲ. ಆದರ ಹಿಂಗ ಓದಾವ್ರು ಮಾಸ್ತರೇ ಇರಬೇಕು. ತಗೋರಿ."

ಮೂವತ್ತು ವರ್ಷ ಕಲಿಸಿ ನಿವೃತ್ತನಾದೆ. ನನ್ನ ಫ್ರೆಂಚನ್ನು ಕೊನೆಯವರೆಗೂ ಕಿವಿಗೊಟ್ಟು ಕೇಳಿದವನು ಆತನೊಬ್ಬನೇ.