ವೆನೆಜುವೆಲಾ ಸೋತ ಮಧ್ಯಾಹ್ನ

ತಮ್ಮ ತಂಡದ ಮೇಲೆ ಎದುರಾಳಿಗಳು ಆರನೇ ಗೋಲು ಹೊಡೆದಾಗ ಮಾರಿಸೋಲ್ ಆಂಟಿ ಮ್ಯಾಚ್ ನೋಡುತ್ತಿದ್ದ ಫೋನನ್ನು ಮಗುಚಿಟ್ಟು, ಎದ್ದು ಹೋಗಿ ಟ್ರೇಗಳನ್ನು ತೊಳೆಯತೊಡಗಿದರು.

ನಾವಿಬ್ಬರೂ ಹೆಂಡರ್ಸನ್ ಅನ್ನುವ ಪರದೇಶದ ಊರಿನ ಒಂದು ಡೆಂಟಲ್ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್‌ಗಳು. ಅವರು ವೆನೆಜುವೆಲಾದವರು, ನಾನು ದಾವಣಗೆರೆಯವಳು.

ಊರಲ್ಲಿ ನಾನೇ ಡಾಕ್ಟರು... ಇಲ್ಲಿ ರಿಜಿಸ್ಟ್ರೇಷನ್ ಎಕ್ಸಾಮ್ ಪಾಸಾಗದೆ, ಡಾಕ್ಟರ ಪಕ್ಕ ಪೇಶೆಂಟ್ ಬಾಯಿಂದ ಎಂಜಲು ಎಳೆಯುವ ಸಕ್ಷನ್ ಪೈಪ್ ಹಿಡಿದು ನಿಲ್ಲುವವಳು. ಎರಡು ವಾರದ ಹಿಂದೆ ಮೂರನೇ ಸಲ ಫೇಲಾದೆ.

ಆಂಟಿಯ ತಂಡದ್ದೂ ಅದೇ ಹಣೆಬರಹ. ದಕ್ಷಿಣ ಅಮೆರಿಕದ ಹತ್ತು ಫುಟ್‌ಬಾಲ್ ತಂಡಗಳಲ್ಲಿ ಇದುವರೆಗೆ ಒಂದು ಸಲವೂ ವರ್ಲ್ಡ್ ಕಪ್ ಆಡದಿರುವುದು ವೆನೆಜುವೆಲಾ ಮಾತ್ರ. ಆದರೂ ಈ ಮಹಾತಾಯಿ ಪ್ರತಿ ಸಲ ಕ್ವಾಲಿಫೈ ಆಗುವ ಮೊದಲೇ ವರ್ಲ್ಡ್ ಕಪ್ ತಿಂಗಳಿಗೆ ಲೀವ್ ಹಾಕಿಬಿಡುತ್ತಾರೆ. ಆಮೇಲೆ ಕ್ಯಾನ್ಸಲ್ ಮಾಡುತ್ತಾರೆ.

ಈ ಸಲ ನನಗೂ ಆಸೆ ಹುಟ್ಟಿತ್ತು. ಏಳನೇ ಜಾಗ ಉಳಿಸಿಕೊಂಡಿದ್ದರೆ ಪ್ಲೇಆಫ್ ಅನ್ನುವ ಇನ್ನೊಂದು ಅವಕಾಶವಾದರೂ ಸಿಗುತ್ತಿತ್ತು. ಕೊನೆಯ ಮ್ಯಾಚ್ ಕೊಲಂಬಿಯಾ ಮೇಲೆ, ಅದೂ ವೆನೆಜುವೆಲಾದ ನೆಲದಲ್ಲೇ, ಮೊದಲ ಗೋಲೂ ವೆನೆಜುವೆಲಾದ್ದೇ.

ಕೊನೆಗೆ ಮೂರಕ್ಕೆ ಆರು. ಅತ್ತ ಬೊಲಿವಿಯಾ ಗೆದ್ದು ಆ ಏಳನೇ ಜಾಗವನ್ನೂ ಕಿತ್ತುಕೊಂಡಿತು.

ಏನಾದರೂ ಹೇಳಬೇಕಲ್ಲ ಅಂತ ಬಾಯಿಗೆ ಬಂದದ್ದು ಹೇಳಿದೆ. ನೆಕ್ಸ್ಟ್ ಟೈಮ್ ಖಂಡಿತ ಆಗುತ್ತೆ ಆಂಟಿ, ಅಂತ.

ಅವರು ನಲ್ಲಿ ನಿಲ್ಲಿಸಿದರು. ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ.

"ನೆಕ್ಸ್ಟ್ ಟೈಮ್ ಅನ್ಬೇಡಮ್ಮ. ಇವತ್ತು ಸೋತ್ವಿ. ಅಷ್ಟು ಮಾತ್ರ ಹೇಳು."

ನನಗೆ ನಾಚಿಕೆಯಾಯಿತು. ಎರಡು ವಾರದಿಂದ ಅಮ್ಮ, ನಾದಿನಿ, ಇಲ್ಲಿನ ಕನ್ನಡದ ಆಂಟಿಯರು, ಎಲ್ಲರೂ ನನಗೆ ಹೇಳಿ ಹೇಳಿ ಸುಸ್ತು ಮಾಡಿದ ಮಾತೂ ಅದೇ.

ನನ್ನ ಗಂಡನಂತೂ ರಿಸಲ್ಟ್ ಬಂದ ದಿನವೇ ಮುಂದಿನ ಎಕ್ಸಾಮಿನ ಫಾರ್ಮ್ ಪ್ರಿಂಟ್ ತೆಗೆದು ತಂದಿದ್ದರು. ಒಳ್ಳೇ ಮನಸ್ಸೇ, ಇಲ್ಲ ಅನ್ನಲ್ಲ. ಆದರೆ ನಾನು ಸೋತಿದ್ದೇನೆ ಅಂತ ಒಬ್ಬರೂ ಒಪ್ಪಿಕೊಳ್ಳಲಿಲ್ಲ. ಅಳುವುದಕ್ಕೂ ಪುರುಸೊತ್ತು ಕೊಡಲಿಲ್ಲ.

ಆ ಸಂಜೆ ಮನೆಗೆ ಬಂದರೆ ಗಂಡನದು ಅದೇ ರಾಗ. ಶುಕ್ರವಾರ ಲಾಸ್ಟ್ ಡೇಟ್, ಫಾರ್ಮ್ ತುಂಬಿದೆಯಾ?

"ರೀ, ನಂಗೆ ಸಾಕಾಗಿದೆ. ಮತ್ತೆ ಬರೀತೀನೋ ಇಲ್ವೋ ಗೊತ್ತಿಲ್ಲ. ಮೊದ್ಲು ನಾನು ಫೇಲ್ ಆದೆ ಅಂತ ನೀವೂ ಒಂದ್ಸಲ ಹೇಳಿ."

ಅವರು ಬಂದು ಪಕ್ಕದಲ್ಲಿ ಕೂತರು.

"ಹೂಂ ಕಣೇ. ಫೇಲ್ ಆದೆ ನೀನು."

ಎರಡು ವಾರದಲ್ಲಿ ಮೊದಲ ಸಲ ಮನಸಾರೆ ಅತ್ತುಬಿಟ್ಟೆ. ಅವರ ಕಣ್ಣೂ ಒದ್ದೆಯಾಗಿತ್ತು.

ಇದು ನಿನ್ನೆಯ ಮಾತು. ನಾಳೆ ಶುಕ್ರವಾರ. ಫಾರ್ಮ್ ಇನ್ನೂ ಖಾಲಿ ಇದೆ, ಇವತ್ತು ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಿಲ್ಲ.

ಸೋತವರನ್ನು ಒಂದೇ ಒಂದು ದಿನ ಸೋತವರಾಗಿ ಇರಲು ನಿಮ್ಮ ಮನೆಯಲ್ಲಿ ಬಿಡುತ್ತಾರಾ?